ಸಿಳ್ಳೆ ಹೊಡೆಯುತ್ತಿದ್ದ ಲಾರಿ

ಒಂಬತ್ತು ದಿನದಿಂದ ಗಂಗಯ್ಯ ಬೋಲ್ಟು ತೊಳೆಯುತ್ತಿದ್ದ.

ಹಳೇ ಪೇಂಟಿನ ಡಬ್ಬಿಯಲ್ಲಿ ಡೀಸೆಲ್ಲು, ಕೈಯಲ್ಲೊಂದು ಸವೆದ ಬ್ರಷ್ಷು, ಕೂರಲಿಕ್ಕೊಂದು ಇಟ್ಟಿಗೆ. ಬೋಲ್ಟು ತೊಳೆಯುವುದು ಡ್ರೈವರನ ಕೆಲಸವಲ್ಲ. ಆದರೆ ಲಾರಿಯ ಓನರು ಕಾಂತರಾಜು, "ಗಾಡಿ ನಿಂತ್ಮೇಲೆ ನೀನೇನ್ಲಾ ಮಾಡ್ತೀಯ? ಕುಂತ್ಕಂಡು ಉಣ್ತೀಯಾ? ಮೇಸ್ತ್ರಿ ಜೊತೆ ಕೈ ಆಡ್ಸು ಓಗು" ಎಂದಿದ್ದ. ಉಣ್ಣುವ ಮಾತು ಬಂದದ್ದರಿಂದ ಹೇಳಿಬಿಡಬೇಕು, ಊಟವನ್ನು ಗಂಗಯ್ಯ ಮನೆಯಿಂದಲೇ ತರುತ್ತಿದ್ದ. ಎರಡು ಮುದ್ದೆ, ಹುರುಳಿಕಾಳಿನ ಸಾರು. ಡೀಸೆಲ್ಲಿಗೆ ಬೆರಳ ಚರ್ಮ ಬಿರಿದು, ಸಾರು ಸೋಕಿದರೆ ಜೀವ ಹೋಗುವಷ್ಟು ಉರಿಯುತ್ತಿತ್ತು. ಐದನೆಯ ದಿನ ಹೆಂಡತಿ ಮಾದಮ್ಮ ಡಬ್ಬಿಯ ಜೊತೆ ಒಂದು ಚಮಚವನ್ನೂ ಕಟ್ಟಿಕೊಟ್ಟಳು. ಮುದ್ದೆಯನ್ನು ಚಮಚದಲ್ಲಿ ತಿಂದವನು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಅವನೊಬ್ಬನೇ ಇರಬೇಕು.

ಲಾರಿ ಎದುರಿಗೇ ನಿಂತಿತ್ತು. ಹತ್ತು ಚಕ್ರದ್ದು, ಕಂಪ್ಯೂಟರು ಗಿಂಪ್ಯೂಟರು ಇಲ್ಲದ ಹಳೇ ಮಾದರಿ. ನುಗ್ಗೇಹಳ್ಳಿ ಕಡೆಯಿಂದ ತೆಂಗಿನಕಾಯಿ, ಅರಕಲಗೂಡಿನಿಂದ ಶುಂಠಿ ತುಂಬಿಕೊಂಡು ಮಂಗಳೂರಿಗೆ ಇಳಿಯುವುದು, ವಾಪಸ್ಸು ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವುದು, ಇದು ಅದರ ಬದುಕು. ಗಂಗಯ್ಯನ ಬದುಕೂ ಅದೇ. ಸಂಕ್ರಾಂತಿಯ ಮಾರನೆಯ ದಿನ ಇಪ್ಪತ್ತು ಟನ್ನು ಗೊಬ್ಬರ ಹೊತ್ತು ದೋಣಿಗಾಲ್ ಹತ್ತಿರದ ಏರಿನಲ್ಲಿ ಲಾರಿ ಒಂದು ಸಲ ಕೆಮ್ಮಿತು, ಕಪ್ಪು ಹೊಗೆ ಕಾರಿತು, ನಿಂತಿತು. ಇನ್ನೊಂದು ಲಾರಿಗೆ ಸರಪಳಿ ಕಟ್ಟಿ ಎಳೆಸಿಕೊಂಡು ಬಂದು ಗುಂಡಯ್ಯ ಮೇಸ್ತ್ರಿಯ ರಿಪೇರಿ ಶೆಡ್ಡಿಗೆ ಬಿಟ್ಟರು. ಎಂಜಿನ್ ಒಳಗೆ ಸುಟ್ಟುಹೋಗಿತ್ತು.

ಯಾರು ಸುಟ್ಟರು ಎನ್ನುವುದು ಪ್ರಶ್ನೆ. ಕಾಂತರಾಜುವಿಗೆ ಅದಕ್ಕೆ ಉತ್ತರ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಬಂದ, ಲಾರಿಯ ಮುಖಕ್ಕೆ ಬಗ್ಗಿ ನೋಡಿದ, ರೇಡಿಯೇಟರಿನ ಮುಂದಿದ್ದ ಅಲ್ಯೂಮಿನಿಯಂ ಡಬ್ಬಿಯ ಮೂಲೆಯಲ್ಲಿ ನೀಲಿ ಬಣ್ಣದ ಗಂಟೊಂದು ಕಂಡಿತು.

"ಇದೇನ್ಲಾ ಇದು?"

"ಸೋಪು ಸಾ. ಬಟ್ಟೆ ಸೋಪು."

"ಇಂಟರ್‌ಕೂಲರ್‌ಗೆ ಯಾಕ್ಲಾ ಸೋಪು?"

"ಗಾಳಿ ಸೋರ್ತಿತ್ತಲ್ಲ ಸಾ. ನಿಮ್ಗೆ ಹೇಳಿದ್ನಲ್ಲ."

"ನಂಗೆ ಯಾವಾಗ್ ಹೇಳ್ದೆ? ಸೋಪು ಒಳಕ್ಕೋಗಿ ಎಂಜಿನ್ ಸುಟ್ಟೋಗೈತೆ ಕಣ್ಲಾ! ನೀನೇ ಕೈಯ್ಯಾರ ಕೊಂದ್ಬುಟ್ಟೆ!"

ಗಂಗಯ್ಯ ಸೋಪು ಹಚ್ಚಿದ್ದು ನಿಜ. ಡೀಸೆಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ತಿಕ್ಕುವುದು ಆ ರೋಡಿನ ಡ್ರೈವರುಗಳೆಲ್ಲ ಮಾಡುವ ಕೆಲಸ. ಅದು ನಿಲ್ಲುತ್ತದೆ ಕೂಡ. ಡೀಸೆಲ್ಲನ್ನು ನಿಲ್ಲಿಸುವ ಸೋಪು ಗಾಳಿಯನ್ನು ನಿಲ್ಲಿಸದೆ ಇದ್ದೀತೆ ಎಂದು ಗಂಗಯ್ಯ ಲೆಕ್ಕ ಹಾಕಿದ್ದ. ದಸರೆಯ ಹೊತ್ತಿಗೆ ಇಂಟರ್‌ಕೂಲರಿನ ಮೂಲೆಯ ಬೆಸುಗೆ ಬಿಟ್ಟು, ಏರು ಹತ್ತುವಾಗ ಉದ್ದಕ್ಕೆ ಸಿಳ್ಳೆ ಹೊಡೆಯಲು ಶುರುವಾದಾಗ ಸೋಪು ತಿಕ್ಕಿದ. ಹಾಸನ ದಾಟುವ ತನಕ ಸದ್ದಿಲ್ಲ. ಆಮೇಲೆ ಮತ್ತೆ ಸಿಳ್ಳೆ. ಮಾರನೆಯ ಬೆಳಿಗ್ಗೆ ಮತ್ತೆ ಸೋಪು. ಮುಖ ತೊಳೆದ ಸೋಪಿನಲ್ಲೇ ಲಾರಿಯ ಮೂಗನ್ನೂ ತಿಕ್ಕುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಏಳು ಸೋಪು ಸವೆದಿದ್ದವು.

ಕಾಂತರಾಜುವಿಗೆ ಹೇಳಿದ್ದೂ ನಿಜ. ಮೂರು ಸಲ ಹೇಳಿದ್ದ. ಮೊದಲನೆಯ ಸಲ, "ಶುಂಠಿ ಸೀಸನ್ ಮುಗೀಲಿ" ಎಂದ. ಎರಡನೆಯ ಸಲ, "ಸೋಪು ತಿಕ್ಕಿದೀಯಲ್ಲ, ಸಾಕು" ಎಂದ. ಮೂರನೆಯ ಸಲ ನಕ್ಕುಬಿಟ್ಟ. "ಸಿಳ್ಳೆ ಒಡೀತದೆ ಅಂತ ಗಾಡಿ ನಿಲ್ಸಕ್ಕಾಯ್ತದೇನ್ಲಾ? ನಿಮ್ ಕಾಲೊನಿ ಐಕ್ಳೂ ಸಿಳ್ಳೆ ಒಡೀತವೆ, ಅವನ್ನ ರಿಪೇರಿ ಮಾಡ್ಸಿದ್ಯಾ?" ಗಂಗಯ್ಯನೂ ನಗಬೇಕಾಯಿತು. ಓನರು ನಕ್ಕಾಗ ಡ್ರೈವರು ನಗದೆ ನಿಂತರೆ ಚೆನ್ನಾಗಿ ಕಾಣುವುದಿಲ್ಲ. ಈಗ ಅವೆಲ್ಲ ಮಾತುಗಳು ಗಾಳಿಯ ಹಾಗೇ ಹೋಗಿಬಿಟ್ಟಿದ್ದವು, ಉಳಿದದ್ದು ಸೋಪು ಮಾತ್ರ.

ಎಂಟನೆಯ ದಿನ ಕಾಂತರಾಜು ಟೌನಿನಲ್ಲಿ ಟೈಪು ಮಾಡಿಸಿದ ಒಂದು ಹಾಳೆ ತಂದು ತೋರಿಸಿದ. ‘ನನ್ನ ಬೇಜವಾಬ್ದಾರಿಯಿಂದ ವಾಹನದ ಎಂಜಿನ್ ಹಾಳಾಗಿರುತ್ತದೆ. ಸದರಿ ನಷ್ಟ ತೀರುವವರೆಗೆ ನಾನು ಬೇರೆ ಯಾರ ಬಳಿಯೂ ಕೆಲಸಕ್ಕೆ ಹೋಗದೆ ಮಾಲೀಕರು ಕೊಟ್ಟಷ್ಟಕ್ಕೆ ದುಡಿಯುತ್ತೇನೆ.’ ಜೀತ ಎನ್ನುವ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಒಳ್ಳೆಯ ಕನ್ನಡದಲ್ಲಿತ್ತು. ಗಂಗಯ್ಯನ ತಾತ ಹೆಬ್ಬೆಟ್ಟು ಒತ್ತಿದ್ದ ಕಾಗದ ಇಷ್ಟು ನೀಟಾಗಿರಲಿಲ್ಲ.

"ಭಾನುವಾರ ಸೈನ್ ಹಾಕು. ಹಾಕಿಲ್ಲ ಅಂದ್ರೆ ಕಾರ್ಡ್ ಮರ್ತ್ಬುಡು."

ಕಾರ್ಡೆಂದರೆ ಗಂಗಯ್ಯನ ಲೈಸೆನ್ಸು. ರಿನ್ಯೂವಲ್ಲಿಗೆ ಹೊರಬಂದದ್ದು ಬಿಟ್ಟರೆ ಅದು ಹನ್ನೊಂದು ವರ್ಷದಿಂದ ಕಾಂತರಾಜುವಿನ ಬೀರುವಿನಲ್ಲಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ಲಿನ ಓನರುಗಳ ಪದ್ಧತಿಯೇ ಅದು. ಕೆಲಸಕ್ಕೆ ಸೇರಿದ ದಿನ ಡ್ರೈವರು ಅಸಲಿ ಲೈಸೆನ್ಸನ್ನು ಓನರಿಗೆ ಕೊಡಬೇಕು. ಅವನ ಜೇಬಿನಲ್ಲಿ ಲ್ಯಾಮಿನೇಶನ್ ಮಾಡಿಸಿದ ಜೆರಾಕ್ಸ್ ಇರುತ್ತದೆ. ಪೊಲೀಸರು ಹಿಡಿದರೆ ಓನರು ಫೋನು ಮಾಡುತ್ತಾನೆ. ಇನ್ನೊಬ್ಬ ಓನರ ಹತ್ತಿರ ಕೆಲಸ ಕೇಳಲು ಹೋದರೆ ಅವನು ಕೇಳುವ ಮೊದಲ ಮಾತು, "ಕಾರ್ಡ್ ಎಲ್ಲಿ?" ಫೋನಿನಲ್ಲೇ ತೋರಿಸುವ ಲೈಸೆನ್ಸೂ ಈಗ ಬಂದಿದೆಯಂತೆ. ಫೋನನ್ನು ಬೀರುವಿನಲ್ಲಿಡಲು ಬರುವುದಿಲ್ಲವಾದ್ದರಿಂದ ಓನರುಗಳು ಅದನ್ನು ಒಪ್ಪುವುದಿಲ್ಲ. ನಲವತ್ತಾರು ವರ್ಷದ ಗಂಗಯ್ಯನಿಗೆ ಸ್ಟೇರಿಂಗು ಬಿಟ್ಟು ಬೇರೆ ವಿದ್ಯೆ ಗೊತ್ತಿರಲಿಲ್ಲ. ಕಾರ್ಡಿಲ್ಲದಿದ್ದರೆ ಅವನು ಯಾರೂ ಅಲ್ಲ.

ಅವತ್ತು ಸಂಜೆ ಕಾಲೊನಿಯ ಮನೆಯಲ್ಲಿ ಅವನು ಗೋಡೆಗೊರಗಿ ಕೂತಿದ್ದ. ಮಾದಮ್ಮ ಒಲೆಯ ಮುಂದಿದ್ದಳು.

"ಸೈನ್ ಹಾಕ್ಬುಡ್ತೀನಿ ಕಣೆ," ಎಂದ.

"ಯಾಕೆ?"

"ತಪ್ಪು ನಂದೇಯ. ಸೋಪು ಒಳಕ್ಕೋಗೈತೆ."

"ಯಾರಂದ್ರು?"

"ಸಾವ್ಕಾರ್ರು."

"ಅವ್ರು ಯಾವತ್ತಾದ್ರೂ ಸೋಪು ತಿಕ್ಕವ್ರಾ? ಅವರ ಬಟ್ಟೆನೂ ಬ್ಯಾರೆಯೋರೇ ಒಗೀತಾರೆ."

"ಎಂಜಿನ್ ವಿಸ್ಯ ನಿಂಗೇನ್ ಗೊತ್ತು ಸುಮ್ಕಿರು."

"ಎಂಜಿನ್ ಗೊತ್ತಿಲ್ಲ. ಸೋಪು ಗೊತ್ತು. ಗುಂಡಣ್ಣನ್ನ ಕೇಳು. ಅವ್ನು ಹೇಳ್ಲಿ ಒಳಕ್ಕೋಗೈತೆ ಅಂತ, ಆಮೇಲೆ ಹಾಕಿವಂತೆ ಸೈನು."

ಗುಂಡಯ್ಯ ಮೇಸ್ತ್ರಿಗೆ ಅರವತ್ತರ ಹತ್ತಿರ. ಮಾತು ಕಡಿಮೆ. ಅವನದೊಂದು ಪದ್ಧತಿಯಿತ್ತು: ಬಿಚ್ಚಿದ ಸಾಮಾನುಗಳನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿ, ಗಾಡಿಯವರಿಗೆ ಒಂದೊಂದನ್ನೂ ಕೈಗೆ ಕೊಟ್ಟು ತೋರಿಸದೆ ಕೆಲಸ ಮುಂದುವರಿಸುತ್ತಿರಲಿಲ್ಲ. ಹೊಸ ಸಾಮಾನು ತರಿಸಲು ಸುಳ್ಳು ಹೇಳಿದ ಎಂದು ಯಾರೂ ಅನ್ನಬಾರದು ಎನ್ನುವುದು ಅವನ ಹಟ. ಅವನ ಶೆಡ್ಡು ನಿಂತಿದ್ದ ಸೈಟು ಕಾಂತರಾಜುವಿನದು, ಕಾಂತರಾಜುವಿನ ಮನೆಯ ಮಗ್ಗುಲಲ್ಲೇ. ಇಪ್ಪತ್ತು ವರ್ಷದಿಂದ ಬಾಡಿಗೆಗೆ.

ಒಂಬತ್ತನೆಯ ದಿನ ಗಂಗಯ್ಯ ಬ್ರಷ್ಷು ಕೆಳಗಿಟ್ಟು ಕೇಳಿದ.

"ಗುಂಡಣ್ಣ, ಸೋಪು ಒಳಕ್ಕೋಗೈತಾ?"

ಗುಂಡಯ್ಯ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಎತ್ತಿಕೊಟ್ಟ.

"ಬೆರಳಾಕು."

ಹಾಕಿದ.

"ಏನೈತೆ?"

"ಜಿಡ್ಡು."

"ಮೂಸು."

"ಆಯಿಲ್ಲು."

"ಸೋಪಿನ ವಾಸ್ನೆ ಬತ್ತದಾ?"

"ಇಲ್ಲ."

"ಬರಲ್ಲ. ಈ ಡಬ್ಬಿಯೊಳ್ಗೆ ಟರ್ಬೊ ಗಾಳಿನ ಒತ್ತಿ ತುಂಬ್ತದೆ, ಡಬ್ಬಿ ಅದನ್ನ ತಣ್ಣಗ್ ಮಾಡಿ ಎಂಜಿನ್ಗೆ ಕೊಡ್ತದೆ. ತೂತು ಬಿದ್ರೆ ಗಾಳಿ ಒಳಗಿಂದ ಆಚೆಗೆ ನುಗ್ತದೆ. ಆಚೆಗೆ ನುಗ್ಗೋ ಗಾಳಿ ಎದ್ರಿಗೆ ಸೋಪು ಒಳಕ್ಕೆ ಓಗಕ್ಕೆ ಅದಕ್ಕೇನ್ ಕಾಲೈತಾ?"

ಗಂಗಯ್ಯ ಪೈಪಿನೊಳಗೆ ಇನ್ನೊಂದು ಸಲ ಬೆರಳಾಡಿಸಿದ. ಮತ್ತೆ ಮೂಸಿದ.

"ಮತ್ತೆ ಎಂಜಿನ್ ಯಾಕ್ ಸುಟ್ಟೋಯ್ತು? ನಾನು ನೀರು ನೋಡ್ದೆ ಓಡ್ಸಿದ್ನಾ?"

"ನೀರು ರೇಡಿಯೇಟರ್ ಕತ್ತಿನ ಗಂಟ ಇತ್ತು. ನೀರಿಲ್ದೆ ಕಾದಿದ್ರೆ ಹೆಡ್ಡು ಬಗ್ಗಿರ್ಬೇಕು. ನೆಟ್ಟಗೈತೆ, ಪಟ್ಟಿ ಇಟ್ಟು ನೋಡ್ದೆ. ಆಯಿಲ್ ಇಲ್ದೆ ಇದ್ರೆ ಬೇರಿಂಗ್ ತಿಂದಿರ್ಬೇಕು. ಬೇರಿಂಗ್ ಚೆನ್ನಾಗವೆ. ಇದನ್ನ ನೋಡು." ನಾಲ್ಕನೆಯ ಪಿಸ್ಟನ್ನನ್ನು ಅವನ ಕೈಯಲ್ಲಿಟ್ಟ. ಅದರ ತಲೆಯ ಒಂದು ಅಂಚು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಕರಗಿ ಇಳಿದಿತ್ತು. ಐದನೆಯದೂ ಹಾಗೇ. ಹೊಗೆ ಹೊರಡುವ ಕಡೆಯ ವಾಲ್ವುಗಳ ಅಂಚು ಸುಟ್ಟು ಚಿಪ್ಪು ಹಾರಿತ್ತು. "ಗಾಳಿ ಸಾಲ್ದೆ ಓಗೈತೆ. ಏರಲ್ಲಿ ನೀನು ತುಳೀತೀಯ, ಡೀಸೆಲ್ ಬತ್ತದೆ. ಅದಕ್ಕೆ ತಕ್ಕ ಗಾಳಿ ಬರಲ್ಲ, ಅರ್ಧ ದಾರೀಲೇ ಸಿಳ್ಳೆ ಒಡ್ಕಂಡು ಆಚೆಗೋಯ್ತದೆ. ಡೀಸೆಲ್ ಪೂರಾ ಉರೀದೆ ಕರ್ರಗೆ ಒಗೆ, ಒಳ್ಗೆ ಕೆಂಡ. ಮೂರು ತಿಂಗ್ಳಿಂದ ಅದು ಬೇಯ್ತಾ ಇತ್ತು. ಅವತ್ತು ಸತ್ತದೆ."

"ನಾನು ತುಳ್ದಿದ್ದು ತಪ್ಪಾ?"

"ತುಳೀದಿದ್ರೆ ಇಪ್ಪತ್ತು ಟನ್ನು ಶಿರಾಡಿ ಹತ್ತದಾ? ಅಷ್ಟು ತುಂಬ್ಸಿದ್ಯಾರು, ನಿಮ್ಮಪ್ಪಾನಾ?"

ಗಂಗಯ್ಯನಿಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಹೋಗಿ ಡೀಸೆಲ್ ಕೈ ತಾಗಿ ಇನ್ನಷ್ಟು ನೀರು ಬಂತು. ಒಂಬತ್ತು ದಿನ ಅವನು ತನ್ನನ್ನು ತಾನೇ ಶಪಿಸಿಕೊಂಡಿದ್ದ. ಹನ್ನೊಂದು ವರ್ಷ ಹೆಂಡತಿಗಿಂತ ಹೆಚ್ಚು ಹೊತ್ತು ಜೊತೆಗಿದ್ದ ಲಾರಿಯನ್ನು ತಾನೇ ಕೊಂದೆನೆಂದು ಮುದ್ದೆ ಗಂಟಲಲ್ಲಿ ಇಳಿದಿರಲಿಲ್ಲ. ಅದಕ್ಕೆ ಅವನು ಚಮಚವನ್ನು ಬೈದುಕೊಂಡಿದ್ದ.

"ಇದನ್ನ ಭಾನುವಾರ ಎಲ್ರ ಮುಂದೆ ಹೇಳ್ತೀಯಾ ಗುಂಡಣ್ಣ?"

ಗುಂಡಯ್ಯ ಪಿಸ್ಟನ್ನನ್ನು ವಾಪಸ್ಸು ಇಸಿದುಕೊಂಡು ಗೋಣಿಚೀಲದ ಮೇಲೆ ಅದರ ಜಾಗದಲ್ಲಿ ಇಟ್ಟ. "ಶೆಡ್ಡು ಅವರ ಸೈಟಲ್ಲೈತೆ ಕಣ ಗಂಗಯ್ಯ," ಎಂದ. ಗಂಗಯ್ಯ ಬ್ರಷ್ಷು ಎತ್ತಿಕೊಂಡ.

ಭಾನುವಾರ ಹತ್ತು ಗಂಟೆಗೆ ಕಾಂತರಾಜುವಿನ ಅಂಗಳದಲ್ಲಿ ಪಂಚಾಯ್ತಿ ಸೇರಿತು. ನ್ಯಾಯ ಹೇಳಲು ಚನ್ನರಾಯಪಟ್ಟಣದ ಗೊಬ್ಬರದ ವ್ಯಾಪಾರಿ ಚನ್ನಬಸವಯ್ಯ ಬಂದಿದ್ದರು. ದೋಣಿಗಾಲ್‌ನಲ್ಲಿ ನಿಂತುಹೋದದ್ದು ಅವರದೇ ಗೊಬ್ಬರ. "ನಾನು ಯಾರ ಕಡೆಗೂ ಇಲ್ಲಪ್ಪ," ಎಂದು ಅವರು ಕಾಂತರಾಜುವಿನ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದರು. ಕಾಂತರಾಜುವಿನ ಎರಡನೆಯ ಲಾರಿಯ ಡ್ರೈವರು ನಾಗೇಶನೂ ಸುತ್ತಲ ಲಾರಿಗಳ ಹತ್ತು ಹನ್ನೆರಡು ಡ್ರೈವರುಗಳೂ ಗೋಡೆಗೊರಗಿ ನಿಂತಿದ್ದರು. ಅವರನ್ನು ಕರೆಸಿದ್ದು ಕಾಂತರಾಜುವೇ. "ಎಲ್ರ ಮುಂದೆ ಸೈನ್ ಆಗ್ಲಿ, ಉಳಿದೋರ್ಗೂ ಬುದ್ಧಿ ಬತ್ತದೆ" ಎನ್ನುವುದು ಅವನ ಎಣಿಕೆ.

ಕಾಫಿ ಬಂತು. ಕಾಂತರಾಜುವಿನ ಮನೆಯಲ್ಲಿ ಭೇದಭಾವ ಇಲ್ಲ, ಎಲ್ಲರಿಗೂ ಕಾಫಿ ಕೊಡುತ್ತಾರೆ. ಕೆಲವರಿಗೆ ಸ್ಟೀಲಿನ ಲೋಟ, ಕೆಲವರಿಗೆ ಪೇಪರಿನ ಲೋಟ. ಪೇಪರ್ ಲೋಟವಾದರೆ ತೊಳೆಯುವ ಕಷ್ಟ ಇಲ್ಲ ಎಂದು ಅದಕ್ಕೆ ಕಾರಣವನ್ನೂ ಹೇಳುತ್ತಾರೆ. ಗಂಗಯ್ಯ ತನ್ನ ಪೇಪರ್ ಲೋಟವನ್ನು ಹಿಡಿದುಕೊಂಡು ನೆಲದ ಮೇಲೆ ಕೂತ.

"ನೋಡಿ ಚನ್ನಬಸವಯ್ಯನೋರೆ," ಕಾಂತರಾಜು ಶುರುಮಾಡಿದ, "ಮನುಷ್ಯ ಅಂದ್ಮೇಲೆ ತಪ್ಪು ಮಾಡ್ತಾನೆ. ನಾನು ಒಡ್ದಿಲ್ಲ, ಬೈದಿಲ್ಲ. ಸೋರ್ತೈತೆ ಅಂತ ಒಂದಿನ ಇವ್ನು ನಂಗೆ ಹೇಳ್ಲಿಲ್ಲ. ಒಂದು ಸದ್ದು ನನ್ ಕಿವಿಗ್ ಬಿದ್ದಿಲ್ಲ. ಬಿದ್ದಿದ್ರೆ ಅವತ್ತೇ ಮಾಡ್ಸ್ತಿದ್ದೆ. ಗಾಡಿ ನಂದಲ್ವಾ? ಮುಚ್ಚಿಟ್ಟು ಸೋಪು ತಿಕ್ಕವ್ನೆ. ಗುಂಡಯ್ಯ, ಆ ಸೋಪು ಮೆತ್ತಿರೋದನ್ನ ತಂದು ಎಲ್ರಿಗೂ ತೋರ್ಸು."

ಗಂಗಯ್ಯ ಬಾಯಿ ತೆರೆದ. "ಸಾ, ರುದ್ರಪಟ್ಟಣದಾಗೆ ಸಂಗೀತದ ಮೇಷ್ಟ್ರು ಕೂಡ ನನ್ ಗಾಡಿ ನಿಲ್ಸಿ ಹೇಳಿದ್ರು, ಪಾಠದೊತ್ನಾಗೆ ಈ ಕಡೆ ಬರ್ಬ್ಯಾಡಪ್ಪ, ಮಕ್ಳು ನಿನ್ ಲಾರಿ ಶ್ರುತಿಗೇ ಹಾಡ್ತವೆ ಅಂತ. ಊರಿಗೇ ಕೇಳಿಸ್ತಿತ್ತು ಸಾ, ನಿ..."

"ನಿನ್ನ ಕೇಳ್ದಾಗ ಮಾತಾಡು."

ಗುಂಡಯ್ಯ ಇಂಟರ್‌ಕೂಲರನ್ನು ಹೊತ್ತು ತಂದು ಅಂಗಳದಲ್ಲಿಟ್ಟ. ಮೂಲೆಯ ನೀಲಿ ಗಂಟನ್ನು ಎಲ್ಲರೂ ನೋಡಿದರು. ಒಬ್ಬಿಬ್ಬರು ಡ್ರೈವರುಗಳು ತಲೆ ತಗ್ಗಿಸಿದರು. ಅವರ ಟ್ಯಾಂಕುಗಳಿಗೂ ಅದೇ ಬಣ್ಣದ ಸೋಪು ಮೆತ್ತಿತ್ತು.

"ನೋಡಿದ್ರಲ್ಲ," ಎಂದ ಕಾಂತರಾಜು. "ಎತ್ಕಂಡೋಗು."

ಗುಂಡಯ್ಯ ಎತ್ತಿಕೊಳ್ಳಲಿಲ್ಲ. ತಲೆ ಕೆರೆದುಕೊಂಡ. "ತೋರ್ಸು ಅಂದ್ಮೇಲೆ ಪೂರಾ ತೋರ್ಸ್ಬೇಕು ಸಾ. ಅರ್ಧ ತೋರ್ಸಿ ಅಭ್ಯಾಸ ಇಲ್ಲ ನಂಗೆ. ಗಾಳಿ ಬುಟ್ಟು ನೋಡ್ಬೇಕು."

"ಏನ್ ಬೇಕಾಗಿಲ್ಲ."

"ಬುಡ್ಲಿ ಬುಡಿ," ಎಂದರು ಚನ್ನಬಸವಯ್ಯ, ಕಾಫಿ ಮುಗಿದು ಬೇರೆ ಕೆಲಸವಿಲ್ಲದೆ. "ನೋಡೋಣ."

ಶೆಡ್ಡಿನಿಂದ ಕಂಪ್ರೆಸರಿನ ಪೈಪು ಬಂತು. ಗುಂಡಯ್ಯ ಇಂಟರ್‌ಕೂಲರಿನ ಒಂದು ಬಾಯಿಗೆ ಮರದ ಬಿರಡೆ ಬಡಿದು, ಇನ್ನೊಂದು ಬಾಯಿಗೆ ಪೈಪು ಸಿಕ್ಕಿಸಿದ. ನಿಧಾನವಾಗಿ ಗಾಳಿ ಬಿಟ್ಟ. ಮೊದಲು ಏನೂ ಆಗಲಿಲ್ಲ. ಆಮೇಲೆ ಸೋಪಿನ ಗಂಟು ಪುಟುಕ್ಕನೆ ಹಾರಿ ಕಾಂತರಾಜುವಿನ ಚಪ್ಪಲಿಯ ಹತ್ತಿರ ಬಿತ್ತು. ಸಿಳ್ಳೆ ಶುರುವಾಯಿತು. ಸಣ್ಣಗೆ, ಉದ್ದಕ್ಕೆ, ಎಲ್ಲೂ ಕಡಿಯದೆ.

ಕೊಟ್ಟಿಗೆಯ ಹತ್ತಿರ ಮಲಗಿದ್ದ ನಾಯಿ ಬಾಲ ಆಡಿಸುತ್ತ ಎದ್ದು ಗೇಟಿನ ಕಡೆ ಓಡಿತು.

ಮನೆಯ ಒಳಗಿನಿಂದ ಒಂದು ದನಿ ಬಂತು. "ಬಂದೇ ಬಂದೇ, ತಡಿಯಪ್ಪಾ."

ಕಾಂತರಾಜುವಿನ ತಾಯಿ ಜಯಲಕ್ಷ್ಮಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ನೆರಳು ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು, ಕುರ್ಚಿಗಳ ಮುಂದೆಯೇ ಹಾದು ಅಂಗಳ ದಾಟಿದಳು, ಗೇಟಿನ ಹತ್ತಿರ ಹೋಗಿ ಚಿಲಕ ತೆಗೆದಳು. ಎಡಗಡೆಯ ಬಾಗಿಲನ್ನು ಪೂರ್ತಿ ದಬ್ಬಿದಳು. ಬಲಗಡೆಯದನ್ನೂ ದಬ್ಬಿದಳು. ಆಮೇಲೆ ಗೋಡೆಗೆ ಅಂಟಿಕೊಂಡು, ಹೊಗೆ ಬರುತ್ತದೆಂದು ಸೆರಗಿನಿಂದ ಮೂಗು ಮುಚ್ಚಿಕೊಂಡು, ಲಾರಿ ಒಳಗೆ ಬರಲಿ ಎಂದು ಕಾದು ನಿಂತಳು.

ಗೇಟಿನ ಆಚೆ ಖಾಲಿ ರೋಡಿತ್ತು. ಲಾರಿಯ ಎಂಜಿನ್ನು ಪಕ್ಕದ ಶೆಡ್ಡಿನಲ್ಲಿ ಗೋಣಿಚೀಲದ ಮೇಲಿತ್ತು.

ಗುಂಡಯ್ಯ ಗಾಳಿ ನಿಲ್ಲಿಸಿದ.

"ಗಾಡಿ ಎಲ್ಲಪ್ಪಾ?" ಮುದುಕಿ ಸೆರಗಿನೊಳಗಿಂದ ಕೇಳಿದಳು.

"ಅಮ್ಮಾ, ಗೇಟ್ ಯಾಕ್ ತೆಗ್ದೆ ನೀನು? ಒಳಕ್ಕೋಗು!" ಕಾಂತರಾಜು ಎದ್ದು ನಿಂತ.

"ಸಿಳ್ಳೆ ಒಡೀತಲ್ಲಪ್ಪ. ನೀನೇ ಅಲ್ವಾ ಹೇಳಿದ್ದು, ಸಿಳ್ಳೆ ಕೇಳಿಸ್ತಿದ್ದಂಗೆ ಗೇಟ್ ತೆಗಿ, ಅವ್ನು ಗೇಟ್ನಾಗೆ ಆರನ್ ಒಡ್ಕಂಡು ನಿಂತ್ರೆ ನನ್ ನಿದ್ದೆ ಕೆಡ್ತದೆ ಅಂತ? ದಸರದಿಂದ ನಾನೇ ತೆಗೀತಿಲ್ವಾ?" ಅವಳಿಗೆ ಬೇಜಾರಾಗಿತ್ತು. "ಇವತ್ತೇನ್ ಹೊಸದಾಗಿ ಬೈತೀಯ?"

ಅಂಗಳದಲ್ಲಿದ್ದ ಅಷ್ಟು ಡ್ರೈವರುಗಳಲ್ಲಿ ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ಕಾಂತರಾಜುವಿಗೆ ಸ್ವಲ್ಪ ಅನುಕೂಲವಾಗುತ್ತಿತ್ತು. ಗಂಗಯ್ಯ ಎದ್ದು ಹೋಗಿ, "ಬನ್ನಿ ಅಮ್ಮಾರೆ, ಗಾಡಿ ಇವತ್ತು ಬರಲ್ಲ" ಎಂದು ಮೆಲ್ಲಗೆ ಹೇಳಿ, ಎರಡು ಹೆಜ್ಜೆ ದೂರದಲ್ಲೇ ನಡೆಯುತ್ತ ಅವಳನ್ನು ಮೆಟ್ಟಿಲಿನ ತನಕ ಬಿಟ್ಟುಬಂದ. ಗೇಟು ತೆರೆದೇ ಇತ್ತು.

ಗುಂಡಯ್ಯ ಅಷ್ಟಕ್ಕೇ ಬಿಡುವವನಲ್ಲ. ಪೂರಾ ತೋರಿಸುವುದು ಅಂದರೆ ಪೂರಾ ತೋರಿಸುವುದು. ಇಂಟರ್‌ಕೂಲರನ್ನು ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ಗಾಳಿ ಬಿಟ್ಟ. ಮೂಲೆಯ ಬೆಸುಗೆಯಿಂದ ಗುಳ್ಳೆಗಳು ಬುಳುಬುಳು ಎದ್ದವು. ಅಂಟಿದ್ದ ಸೋಪು ಕರಗಿ ತೊಟ್ಟಿಯ ತುಂಬ ನೊರೆಯಾಯಿತು. ನೀರು ಕುಡಿಯಲು ಬಂದ ಕರು ಮೂಸಿ ನೋಡಿ, ಸೀನಿ, ವಾಪಸ್ಸು ಹೋಯಿತು. ಆಮೇಲೆ ಗುಂಡಯ್ಯ ಗೋಣಿಚೀಲವನ್ನೇ ಎಳೆದು ತಂದು ಕರಗಿದ ಪಿಸ್ಟನ್ನನ್ನು ಚನ್ನಬಸವಯ್ಯನವರ ಕೈಗೆ ಕೊಟ್ಟ. ಅವರು ಅದನ್ನು ಬಿಸಿ ಹೋಳಿಗೆ ಹಿಡಿದವರಂತೆ ಎರಡು ಬೆರಳಲ್ಲಿ ಹಿಡಿದುಕೊಂಡರು.

"ಗಾಳಿ ಸಾಲ್ದೆ ಸುಟ್ಟೈತೆ ಸಾಮಿ. ಸೋಪಿಂದಲ್ಲ."

"ಗುಂಡಯ್ಯ," ಎಂದ ಕಾಂತರಾಜು, ಸಮಾಧಾನವಾಗಿ. "ಶೆಡ್ಡು ಯಾರ ಸೈಟಲ್ಲೈತೆ?"

"ನಿಮ್ದೇ ಸಾ."

"ಗೊತ್ತೈತಲ್ಲ?"

"ಗೊತ್ತೈತೆ ಸಾ." ಗುಂಡಯ್ಯ ಜೇಬಿನಿಂದ ಬಿಲ್ ಪುಸ್ತಕ ತೆಗೆದ. ಕಿವಿಯ ಮೇಲಿದ್ದ ಪೆನ್ನು ತೆಗೆದ. ತೊಡೆಯ ಮೇಲಿಟ್ಟುಕೊಂಡು ಬರೆದು, ಹಾಳೆ ಹರಿದು ಗಂಗಯ್ಯನಿಗೆ ಕೊಟ್ಟ. ‘ಇಂಟರ್‌ಕೂಲರ್ ಬೆಸುಗೆ ಬಿಟ್ಟಿದೆ. ಮೂರು ತಿಂಗಳು ಹಾಗೇ ಓಡಿದೆ. ಗಾಳಿ ಸಾಲದೆ ಎರಡು ಪಿಸ್ಟನ್, ವಾಲ್ವು ಸುಟ್ಟಿವೆ. ನೀರು ಸರಿ ಇದೆ. ಆಯಿಲ್ ಸರಿ ಇದೆ. ಡ್ರೈವರ್ ಸರಿ ಇದಾನೆ.’ ಕೆಳಗೆ ಸೈನು. "ನಾಳೆ ಸಾಮಾನು ಎತ್ಕತೀನಿ ಸಾ," ಎಂದು ಕಾಂತರಾಜುವಿಗೆ ಹೇಳಿದ.

ಎಲ್ಲರೂ ಚನ್ನಬಸವಯ್ಯನವರ ಕಡೆ ನೋಡಿದರು. ಅವರು ಪಿಸ್ಟನ್ನನ್ನು ಕೆಳಗಿಟ್ಟು ಪಂಚೆಗೆ ಕೈ ಒರೆಸಿಕೊಂಡರು. ಒರೆಸಿಕೊಂಡ ಮೇಲೆ ಪಂಚೆ ಕಪ್ಪಾದದ್ದು ಕಂಡು ಮುಖ ಸಣ್ಣದು ಮಾಡಿದರು.

"ಆದದ್ದು ಆಗೋಯ್ತು," ಎಂದರು. "ತಪ್ಪು ಯಾರದು ಅಂತ ಕೆದಕ್ಕಂಡು ಕೂತ್ರೆ ಎಂಜಿನ್ ಎದ್ದು ಬರ್ತದಾ? ಗಂಗಯ್ಯ, ದೊಡ್ಡೋರ ಎದ್ರು ಹಟ ಬ್ಯಾಡ. ಅವರೂ ಸ್ವಲ್ಪ ಕಮ್ಮಿ ಮಾಡ್ಕತಾರೆ. ಸೈನ್ ಹಾಕ್ಬುಡು, ಎಲ್ಲಾ ಸಮ ಆಯ್ತದೆ."

ನ್ಯಾಯ ಅಂದರೆ ಇದು. ತಪ್ಪು ಯಾರದೆಂದು ಗೊತ್ತಾಗುವ ತನಕ ಗಂಗಯ್ಯನದು, ಗೊತ್ತಾದ ಮೇಲೆ ಯಾರದೂ ಅಲ್ಲ, ಸೈನು ಮಾತ್ರ ಗಂಗಯ್ಯನದು.

ಕಾಂತರಾಜು ಟೈಪು ಮಾಡಿಸಿದ ಹಾಳೆಯನ್ನು ಕುರ್ಚಿಯ ಮೇಲಿಟ್ಟ. ಮೇಲೊಂದು ಪೆನ್ನು ಇಟ್ಟ.

ಗಂಗಯ್ಯ ಎದ್ದು ನಿಂತ. ಹಾಳೆಯನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಪೇಪರ್ ಲೋಟವನ್ನು ಆ ಕುರ್ಚಿಯ ಮೇಲೆ, ಹಾಳೆಯ ಪಕ್ಕದಲ್ಲಿಟ್ಟ. ಅವನು ಆ ಮನೆಯ ಕುರ್ಚಿಯ ಮೇಲೆ ಏನನ್ನಾದರೂ ಇಟ್ಟದ್ದು ಅದೇ ಮೊದಲು.

"ನಾನು ಸೈನ್ ಹಾಕಲ್ಲ ಸಾ. ನನ್ ಕಾರ್ಡ್ ಕೊಡಿ."

"ಏನಂದೆ?"

"ಕಾರ್ಡು ಸಾ. ಲೈಸೆನ್ಸು."

ಕಾಂತರಾಜು ಡ್ರೈವರುಗಳನ್ನೆಲ್ಲ ಒಂದು ಸಲ ನೋಡಿದ. ಆಮೇಲೆ ಮುಖದಲ್ಲಿ ಏನೂ ಇಲ್ಲದವನ ಹಾಗೆ, "ಯಾವ ಕಾರ್ಡು? ನಿನ್ ಕಾರ್ಡು ನನ್ ಅತ್ರ ಯಾಕಿರ್ತದೆ?" ಎಂದ. "ಕಳ್ಕಂಡಿದ್ರೆ ಸ್ಟೇಷನ್‌ಗೋಗಿ ಕಂಪ್ಲೇಂಟ್ ಕೊಡ್ಲಾ. ಎಲ್ರೂ ಅದೇ ಮಾಡದು."

"ಆಯ್ತು ಸಾ," ಎಂದ ಗಂಗಯ್ಯ.

ತೆರೆದೇ ಇದ್ದ ಗೇಟಿನಿಂದ ಹೊರಗೆ ನಡೆದ. ಅವನು ಹತ್ತು ಹೆಜ್ಜೆ ಹೋದ ಮೇಲೆ ಹಿಂದೆ ಚಪ್ಪಲಿಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ ನಾಗೇಶ ಬರುತ್ತಿದ್ದ. ಅವನ ಹಿಂದೆ ಉಳಿದವರು. "ಎಲ್ಲಿಗ್ಲಾ?" ಎಂದು ಕಾಂತರಾಜು ಕೂಗಿದ್ದಕ್ಕೆ ನಾಗೇಶ ನಡೆಯುತ್ತಲೇ, "ಕಂಪ್ಲೇಂಟ್ ಕೊಡಕ್ಕೆ ಸಾ, ನೀವೇ ಹೇಳಿದ್ರಲ್ಲ" ಎಂದ.

ಠಾಣೆಯಲ್ಲಿ ಒಬ್ಬರೇ ಕಾನ್‌ಸ್ಟೇಬಲ್ ಇದ್ದರು. ಫ್ಯಾನು ನಿಂತಿತ್ತು. ಅವರು ಗಂಗಯ್ಯನನ್ನು ನೋಡಿ, ಬಾಗಿಲಾಚೆ ನಿಂತವರನ್ನು ನೋಡಿ, ಒಂದು ಫಾರಂ ಕೊಟ್ಟರು. ಗಂಗಯ್ಯ ಏಳನೆಯ ಕ್ಲಾಸಿನ ತನಕ ಓದಿದವನು. ಬೆಂಚಿನ ಮೇಲೆ ಕೂತು, ಬಿರಿದ ಬೆರಳುಗಳಲ್ಲಿ ಪೆನ್ನು ಹಿಡಿದು ಅಕ್ಷರ ಅಕ್ಷರವಾಗಿ ಬರೆದು ಕೊಟ್ಟ. ಅವರು ಓದಿದರು.

"ಕಳೆದ ವಸ್ತು, ಡ್ರೈವಿಂಗ್ ಲೈಸೆನ್ಸ್. ಸರಿ. ಕಳೆದ ಸ್ಥಳ..." ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದರು. "‘ಕಾಂತರಾಜುರವರ ಮನೆ. ದೇವರ ಕೋಣೆ ಪಕ್ಕದ ಬೀರು. ಎರಡನೇ ಖಾನೆ, ಬಲಗಡೆ.’ ಏನಯ್ಯಾ ಇದು?"

"ಅಲ್ಲೇ ಐತೆ ಸಾ. ಆ ಬೀರು ಹಾಸನದಿಂದ ತಂದೋನೂ ನಾನೇಯ. ಒಸ್ತಿಲ ತನಕ ಒತ್ಕಂಡೋಗಿದ್ದೆ. ಒಸ್ತಿಲಿಂದಾಚೆ ಬ್ಯಾರೆಯೋರು ಒತ್ಕಂಡ್ರು. ಸಾವ್ಕಾರ್ರು ಕಾರ್ಡ್ ಇಟ್ಟಿದ್ದನ್ನ ಒಸ್ತಿಲ ಮ್ಯಾಲಿಂದಾನೇ ನೋಡಿವ್ನಿ."

"ಇದು ಕಳೆದೋದ ವಸ್ತು ಫಾರಂ ಕಣಯ್ಯ. ಇಂಗೆಲ್ಲ ಬರೀಬಾರ್ದು. ‘ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಹೋಗಿರುತ್ತದೆ’ ಅಂತ ಬರಿ. ಸೀಲ್ ಹಾಕ್ಕೊಡ್ತೀನಿ, ಡೂಪ್ಲಿಕೇಟ್ ಸಿಕ್ತದೆ. ಹದಿನೈದು ದಿನದ ಕೆಲ್ಸ. ಎಲ್ರೂ ಅಂಗೇ ಬರೆಯೋದು."

ಗಂಗಯ್ಯ ಒಂದು ಕ್ಷಣ ಯೋಚಿಸಿದ. ಹದಿನೈದು ದಿನ. ಕಾರ್ಡು ಕೈಗೆ ಬರುತ್ತದೆ, ಹೋಗಿ ಇನ್ನೊಬ್ಬ ಓನರಿಗೆ ಕೊಡಬಹುದು, ಅವನೂ ಅದನ್ನು ಒಂದು ಬೀರುವಿನಲ್ಲಿ ಇಡುತ್ತಾನೆ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಮನೆಯಲ್ಲಿ ರಾಗಿ ತಳ ಕಂಡಿತ್ತು.

"ಬ್ಯಾಡ ಸಾ," ಎಂದ. "ಒಂದು ಸುಳ್ಗೆ ಸೈನ್ ಹಾಕಲ್ಲ ಅಂತ ಈಗ್ತಾನೆ ಬಂದಿವ್ನಿ. ಇನ್ನೊಂದಕ್ಕೆ ಯಾಕಾಕ್ಲಿ? ಕಳ್ದಿಲ್ಲ ಅದು. ಮಡಿಕ್ಕಂಡವ್ರೆ."

"ಇಂಗಿದ್ರೆ ನಾನ್ ತಗಳಕ್ಕಾಗಲ್ಲ."

"ತಗಳೋ ಗಂಟ ಕೂತಿರ್ತೀನಿ ಸಾ."

ಕಾನ್‌ಸ್ಟೇಬಲ್ ಅವನನ್ನು ನೋಡಿದರು. ಅಷ್ಟರಲ್ಲಿ ನಾಗೇಶ ಒಳಗೆ ಬಂದು ಮೇಜಿನ ಮುಂದೆ ನಿಂತ.

"ನಂಗೂ ಒಂದು ಫಾರಂ ಕೊಡಿ ಸಾ."

"ನಿಂದೇನ್ ಕಳೆದೈತೆ?"

"ಲೈಸೆನ್ಸು. ಅದೇ ಬೀರು ಸಾ. ನಂದು ಎಡಗಡೆ."

ಅವನ ಹಿಂದೆ ಇನ್ನೊಬ್ಬ ಬಂದ. ಅವನದು ಬೇರೆ ಓನರು, ಬೇರೆ ಮನೆ, ಟ್ರಂಕಿನಲ್ಲಿ. ಅವನ ಹಿಂದಿನವನದು ಹಾಸಿಗೆಯ ಕೆಳಗೆ. ಬಾಗಿಲಿನ ತನಕ ಸಾಲು ನಿಂತಿತು. ಯಾರೂ ಕೂಗಲಿಲ್ಲ, ಯಾರೂ ಜೋರು ಮಾತಾಡಲಿಲ್ಲ. ಒಬ್ಬೊಬ್ಬರೇ ಬಂದು ಕೈ ಚಾಚಿದರು. ಕಾನ್‌ಸ್ಟೇಬಲ್ ಡ್ರಾಯರ್ ಎಳೆದು ನೋಡಿದರು. ಒಳಗೆ ಮೂರು ಫಾರಂ ಇದ್ದವು.

"ಫಾರಂ ಇಲ್ಲ ಕಣ್ರಯ್ಯ ಇಷ್ಟು ಜನಕ್ಕೆ. ನಾಳೆ ಬನ್ನಿ ಓಗಿ."

ಗಂಗಯ್ಯ ಬೆಂಚಿನಿಂದ ಎದ್ದು ಬಂದು ಅದರಲ್ಲಿ ಒಂದನ್ನು ಎತ್ತಿಕೊಂಡ.

"ಜೆರಾಕ್ಸ್ ಮಾಡ್ಸ್ಕಂಡ್ ಬತ್ತೀವಿ ಸಾ," ಎಂದ. "ಜೆರಾಕ್ಸ್ ನಮ್ಗೆ ಅಭ್ಯಾಸ ಐತೆ."